ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಆಡಿಸುವುದು ಯಾವಾಗ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವವನೇ ಕ್ವಾರ್ಟರ್‌ಬ್ಯಾಕ್. 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಹೊಸಬ ಪೇಟನ್ ಮ್ಯಾನಿಂಗ್ ಅವರನ್ನು ಮೊದಲ ಪಂದ್ಯದಿಂದಲೇ ಆಡಿಸಿತು. ಆ ವರ್ಷ ಅವರು ಎಸೆದ 28 ಚೆಂಡುಗಳು ಎದುರಾಳಿಗಳ ಕೈ ಸೇರಿದವು. ತಂಡ 16ರಲ್ಲಿ 13 ಪಂದ್ಯ ಸೋತಿತು. ಮರುವರ್ಷ 13 ಗೆದ್ದಿತು!

2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಕೂಡ ಡೇವಿಡ್ ಕಾರ್ ಅವರನ್ನು ಹೀಗೇ ಕಣಕ್ಕಿಳಿಸಿತು. ಚೆಂಡು ಎಸೆಯುವ ಮುಂಚೆಯೇ ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅದನ್ನು ಸ್ಯಾಕ್ ಎನ್ನುತ್ತಾರೆ. ಕಾರ್ ಆ ವರ್ಷ 76 ಸಲ ಸ್ಯಾಕ್ ಆದರು. ಮ್ಯಾನಿಂಗ್ ತಮ್ಮ ಮೊದಲ ವರ್ಷ ಆಗಿದ್ದು ಬರೀ 22 ಸಲ. ಮುಂದೆ ಮ್ಯಾನಿಂಗ್ ಐದು ಸಲ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದರು. ಕಾರ್ ಐದು ವರ್ಷ ಆಡಿ ಹ್ಯೂಸ್ಟನ್ ಬಿಟ್ಟರು.

ಇಬ್ಬರೂ ಆಯಾ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ) ಮೊದಲನೆಯವರಾಗಿ ಆಯ್ಕೆಯಾದವರೇ. ಇಬ್ಬರೂ ಬೆಂಚಿನಲ್ಲಿ ಕಾಯಲಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕೆಲಸ ಮುಕ್ಕಾಲು ಪಾಲು ಕಣ್ಣಿನದು. ಮುಂದಿನ ನಡೆ ಏನೆಂದು ಕೋಚ್ ಹೆಲ್ಮೆಟ್‌ನೊಳಗಿನ ಸ್ಪೀಕರ್‌ನಲ್ಲಿ ಹೇಳುತ್ತಾರೆ. ನಡೆ ಶುರುಮಾಡಲು ಕೊಟ್ಟ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಧ್ವನಿ ಕಟ್ ಆಗುತ್ತದೆ. ಅಲ್ಲಿಂದ ಎಲ್ಲಾ ಅವನದೇ. ಎದುರಿಗೆ 11 ಜನ. ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಇಬ್ಬರು ಸೇಫ್ಟಿಗಳಲ್ಲಿ ಒಬ್ಬ ಮುಂದೆ ಬಂದನಾ? ನುಗ್ಗುವ ಹಾಗೆ ನಿಂತ ಲೈನ್‌ಬ್ಯಾಕರ್ (ನಡುಸಾಲಿನ ರಕ್ಷಕ) ನಿಜವಾಗಲೂ ನುಗ್ಗುತ್ತಾನಾ, ಸುಮ್ನೆ ಹೆದರಿಸುತ್ತಿದ್ದಾನಾ? ಚೆಂಡು ಕೈಗೆ ಬಂದ ಮೇಲೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಯೋಚಿಸಿ ಲೆಕ್ಕ ಹಾಕಲು ಆಗುವುದಿಲ್ಲ. ನೋಡಿದ ತಕ್ಷಣ ಗುರುತು ಸಿಗಬೇಕು.

ಈ ಗುರುತು ಹಿಡಿಯುವ ಶಕ್ತಿ ಹೇಗೆ ಬರುತ್ತದೆ ಎನ್ನುವುದಕ್ಕೆ ಚೆಸ್‌ನಲ್ಲಿ ಒಳ್ಳೆಯ ಸುಳಿವಿದೆ. 1973ರಲ್ಲಿ ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಚೆಸ್ ಮಣೆಯನ್ನು ಕೆಲವೇ ಸೆಕೆಂಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಮಣೆಯಾದರೆ ನುರಿತವರು ಹೊಸಬರಿಗಿಂತ ಎಷ್ಟೋ ಜಾಸ್ತಿ ಕಾಯಿಗಳನ್ನು ಸರಿಯಾಗಿ ಇಟ್ಟರು. ಕಾಯಿಗಳನ್ನು ಹೇಗೆಂದರೆ ಹಾಗೆ ಹರಡಿದಾಗ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅವರ ನೆನಪಿನ ಶಕ್ತಿ ದೊಡ್ಡದೇನಲ್ಲ, ಅವರು ಕಂಡು ಪಳಗಿದ ವಿನ್ಯಾಸಗಳು ಜಾಸ್ತಿ.

ಹಾಗಿದ್ದರೆ ಬೇಗ ಆಡಿಸುವುದೇ ಸರಿ ಅಲ್ವಾ? ವಾರದ ಅಭ್ಯಾಸದಲ್ಲಿ ಹೆಚ್ಚಿನ ಅವಕಾಶ ಸಿಗುವುದು ಪಂದ್ಯ ಆಡುವವನಿಗೇ. ಬೆಂಚಿನ ಹುಡುಗ ಬಹುಪಾಲು ಮುಂದಿನ ಎದುರಾಳಿಯ ನಡೆಗಳನ್ನು ಅನುಕರಿಸಿ ತನ್ನ ತಂಡದ ಡಿಫೆನ್ಸ್‌ಗೆ ಅಭ್ಯಾಸ ಕೊಡುತ್ತಾನೆ. ಆದರೆ ವಿನ್ಯಾಸ ಕಲಿಯಬೇಕಾದರೆ ಅದನ್ನು ಕೊನೆಯವರೆಗೆ ನೋಡಬೇಕು. ಮ್ಯಾನಿಂಗ್ ಎಸೆದರು, ಚೆಂಡು ಯಾರ ಕೈಗೆ ಹೋಯಿತು, ಯಾಕೆ ಹೋಯಿತು ಎಂದು ಕಂಡರು. ಆ ತಪ್ಪಿನಲ್ಲಿ ಮಾಹಿತಿ ಇತ್ತು. ಸ್ಯಾಕ್ ಆಗಿ ನೆಲಕ್ಕೆ ಬಿದ್ದವನಿಗೆ ಆ ಕೊನೆ ಕಾಣಿಸುವುದೇ ಇಲ್ಲ. ಬಿದ್ದು ಬಿದ್ದು ಅವನ ಕಣ್ಣು ದೂರದ ಆಟಗಾರರನ್ನು ಬಿಟ್ಟು ಹತ್ತಿರ ಬರುವವರ ಮೇಲೇ ನೆಡುತ್ತದೆ. (ಎಲ್ಲಾ ಸ್ಯಾಕ್‌ಗೂ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಅವನನ್ನು ಕಾಯುವ ಕಾವಲಿನವರನ್ನೇ ದೂರಬಾರದು. ಚೆಂಡನ್ನು ಹಿಡಿದುಕೊಂಡೇ ನಿಲ್ಲುವ ಕ್ವಾರ್ಟರ್‌ಬ್ಯಾಕ್‌ಗೂ ಅದರಲ್ಲಿ ಪಾಲಿದೆ.)

ಕಾಯಿಸುವುದೇ ಒಳ್ಳೆಯದು ಎನ್ನುವವರು ಪ್ಯಾಟ್ರಿಕ್ ಮಹೋಮ್ಸ್ ಹೆಸರು ಹೇಳುತ್ತಾರೆ. 2017ರಲ್ಲಿ ಕಾನ್ಸಸ್ ಸಿಟಿ ತಂಡದಲ್ಲಿ ಅವರು ಆಡಿದ್ದು ಒಂದೇ ಪಂದ್ಯ. 2018ರಲ್ಲಿ 50 ಟಚ್‌ಡೌನ್ ಪಾಸ್ (ಅಂಕ ತಂದ ಎಸೆತ), ಎಂವಿಪಿ. ಆದರೆ ಅವರನ್ನು ಕಾಯಿಸಲು ಸಾಧ್ಯವಾಗಿದ್ದು ಅಲೆಕ್ಸ್ ಸ್ಮಿತ್‌ರಂಥ ಅನುಭವಿ ಕ್ವಾರ್ಟರ್‌ಬ್ಯಾಕ್ ಇದ್ದುದರಿಂದ. ಅದು ಆಗಲೇ ಗೆಲ್ಲುತ್ತಿದ್ದ ತಂಡ, ಕೋಚ್ ಆಂಡಿ ರೀಡ್. ಕಾಯಿಸಬಲ್ಲ ತಂಡಗಳು ಸಾಮಾನ್ಯವಾಗಿ ಒಳ್ಳೆಯ ತಂಡಗಳೇ. ಹಾಗಾಗಿ ಕಾದವರನ್ನೂ ಕಾಯದವರನ್ನೂ ಎರಡು ಗುಂಪು ಮಾಡಿ ಸರಾಸರಿ ತೆಗೆದರೆ, ನಾವು ಅಳೆಯುವುದು ಬೆಂಚಿನ ಗುಣವನ್ನಲ್ಲ, ತಂಡದ ಗುಣವನ್ನು. ಈ ಚರ್ಚೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ನಾನಾದರೆ ಹುಡುಗನಿಗಿಂತ ಮೊದಲು ಅವನ ಮುಂದೆ ನಿಲ್ಲುವ ಐವರು ಕಾವಲಿನವರನ್ನು ನೋಡುತ್ತೇನೆ. ಹೊಸ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ 2023ರಲ್ಲಿ ಕ್ಯಾರೊಲೈನಾ ತಂಡದಲ್ಲಿ 62 ಸಲ ಸ್ಯಾಕ್ ಆದರು. 2024ರಲ್ಲಿ ತಂಡ ಆ ಐವರ ಸಾಲಿಗೆ ಇಬ್ಬರು ಹೊಸ ಗಾರ್ಡ್‌ಗಳನ್ನು ತಂದಿತು. ಆದರೂ ಎರಡೇ ಪಂದ್ಯಕ್ಕೆ ಯಂಗ್ ಬೆಂಚ್ ಸೇರಿದರು. ಐದು ಪಂದ್ಯ ಕೂತು ಮರಳಿದ ಮೇಲೆ ಅವರ ಆಟ ಎದ್ದುಕಾಣುವಷ್ಟು ಸುಧಾರಿಸಿತು. ಅದು ಬೆಂಚಿನ ಫಲವೋ, ಗಾರ್ಡ್‌ಗಳ ಫಲವೋ? ಒಬ್ಬನೇ ಆಟಗಾರನನ್ನು ನೋಡಿ ಎರಡನ್ನೂ ಬಿಡಿಸಿ ಹೇಳಲು ಆಗುವುದಿಲ್ಲ. ನನ್ನ ಒಲವು ಮಾತ್ರ ಗಾರ್ಡ್‌ಗಳ ಕಡೆಗೇ.