ಪದ ಪರಿಚಯ: ಜೈವಿಕ ಕವಚ

ಕಡಲಿನ ಹೊಡೆತದಿಂದ ನೆಲವನ್ನೂ ಜನವಸತಿಯನ್ನೂ ಕಾಯುವಂತೆ ದಡದುದ್ದಕ್ಕೂ ತಾನಾಗಿ ಬೆಳೆದ ಅಥವಾ ಬೇಕೆಂದೇ ಬೆಳೆಸಿದ ಸಸ್ಯಗಳ ದಟ್ಟ ಹೊದಿಕೆಯನ್ನು ಜೈವಿಕ ಕವಚ ಎನ್ನುತ್ತಾರೆ. ಹಲವರು ಇದನ್ನು ಕಲ್ಲಿನ ತಡೆಗೋಡೆಗೆ ಹಸಿರು ಬದಲಿ ಎಂದು ಭಾವಿಸುತ್ತಾರೆ. ಆದರೆ ಎರಡೂ ಕೆಲಸ ಮಾಡುವ ಬಗೆಯೇ ಬೇರೆ. ಗೋಡೆಗೆ ಬಡಿದು ಹಿಂದಿರುಗುವ ಅಲೆ ಅದರ ಬುಡದ ಮರಳನ್ನೇ ಕೊರೆದು ಒಯ್ಯುತ್ತದೆ. ಕವಚವಾದರೋ ಅಲೆಯನ್ನು ತನ್ನೊಳಗೆ ಬಿಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ಅದರ ಕಸುವನ್ನು ಹೀರುತ್ತದೆ.

ನದಿ ಕಡಲನ್ನು ಸೇರುವ ಅಳಿವೆಯ ಕೆಸರುನೆಲದಲ್ಲಿ ಈ ಕೆಲಸ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನದು. ಕೆಲವು ಜಾತಿಯ ಮರಗಳು ಕಾಂಡದಿಂದ ಊರುಗೋಲುಗಳಂತಹ ಬೇರುಗಳನ್ನು ಇಳಿಬಿಡುತ್ತವೆ. ಇನ್ನು ಕೆಲವು, ಉಸಿರಾಟಕ್ಕೆಂದು, ಪೆನ್ಸಿಲ್‌ಗಳನ್ನು ನೆಟ್ಟಂತೆ ಕೆಸರಿನಿಂದ ಮೇಲಕ್ಕೆ ಬೇರುಗಳನ್ನು ಚಾಚುತ್ತವೆ. ಈ ಬೇರುಗಳ ಸಂದಿಯಲ್ಲಿ ನುಗ್ಗುವ ನೀರು ಸೀಳಿ, ಸುಳಿದು, ನಿಧಾನವಾಗಿ, ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ. ನೂರು ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ. 13ರಿಂದ 66ರವರೆಗೆ ತಗ್ಗಿಸಬಲ್ಲದೆಂದು ಅಳತೆಗಳು ತೋರಿಸಿವೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎತ್ತರ ಅರ್ಧಕ್ಕಿಳಿದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಚಂಡಮಾರುತ ದಡಕ್ಕೆ ತಳ್ಳುವ ನೀರಿನ ಉಬ್ಬರ ಇಷ್ಟು ಸುಲಭವಾಗಿ ಮಣಿಯುವುದಿಲ್ಲ. ಅದನ್ನು ಕೆಲವೇ ಸೆಂಟಿಮೀಟರ್‌ಗಳಿಂದ ಅರ್ಧ ಮೀಟರಿನಷ್ಟು ತಗ್ಗಿಸಬೇಕಾದರೂ ಸುಮಾರು ಒಂದು ಕಿಲೋಮೀಟರ್ ಅಗಲದ ಕಾಡು ಬೇಕು. ಒಂದೆರಡು ಸಾಲು ಗಿಡ ನೆಟ್ಟು ಅದನ್ನು ಕವಚವೆಂದು ಕರೆಯುವುದು ಸರಿಯಲ್ಲ ಎನ್ನುವುದು ಇದಕ್ಕಾಗಿಯೇ.

ತೆರೆದ ಮರಳು ದಡದಲ್ಲಿ ಕಾಂಡ್ಲಾ ಬೆಳೆಯದು. ಅಲ್ಲಿ ನೇರಳೆ ಹೂವಿನ ಅಡುಂಬು ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ ಹುಲ್ಲು ಕವಚವಾಗುತ್ತವೆ. ಅಡುಂಬು ಬಳ್ಳಿಯನ್ನು ಬಗ್ಗಿ ನೋಡಿದರೆ ಗೆಣ್ಣು ಗೆಣ್ಣಿಗೂ ಬೇರೂರಿರುವುದು, ಎಲೆಗಳ ಮರೆಯಲ್ಲಿ ಗಾಳಿ ತಂದ ಮರಳು ಪುಟ್ಟ ದಿಬ್ಬವಾಗಿ ಕೂತಿರುವುದು ಕಾಣುತ್ತದೆ. ಮರಳು ಹೂತರೆ ಬಳ್ಳಿ ಅದರ ಮೇಲಕ್ಕೆ ಹಬ್ಬುತ್ತದೆ, ದಿಬ್ಬ ಇನ್ನಷ್ಟು ಏಳುತ್ತದೆ. ಬಿರುಗಾಳಿಯ ಅಲೆಗಳು ಈ ದಿಬ್ಬದ ಮರಳನ್ನು ಎಳೆದೊಯ್ದು ಆಳವಿಲ್ಲದ ನೀರಿನಲ್ಲಿ ಹರಡುತ್ತವೆ. ಮುಂದಿನ ಅಲೆಗಳು ಅಲ್ಲೇ ಒಡೆಯುತ್ತವೆ. ಕಡಲು ಶಾಂತವಾದಾಗ ಅದೇ ಮರಳಿನ ಬಹುಪಾಲು ದಡಕ್ಕೆ ಮರಳುತ್ತದೆ, ಗಾಳಿ ಅದನ್ನು ಮೇಲೆ ತಂದಾಗ ಬಳ್ಳಿ ಮತ್ತೆ ಹಿಡಿದಿಡುತ್ತದೆ. ದಿಬ್ಬವನ್ನು ಸಮತಟ್ಟು ಮಾಡಿ ಗಾಳಿಮರದ (ಕ್ಯಾಸುರಿನಾ) ತೋಪು ಎಬ್ಬಿಸಿದರೆ ಈ ಕೊಡುಕೊಳೆಯೇ ಮುರಿಯುತ್ತದೆ. ಉದುರಿದ ಸೂಜಿಯಂಥ ಕಸದ ಕೆಳಗೆ ಬಳ್ಳಿ, ಹುಲ್ಲು ಏಳುವುದಿಲ್ಲ, ಕಡಲಾಮೆ ಮೊಟ್ಟೆಯಿಡುವ ತೆರೆದ ಮರಳೂ ಉಳಿಯುವುದಿಲ್ಲ. ಗಾಳಿಮರ ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಅದಕ್ಕೆ ತಕ್ಕ ಜಾಗ ದಿಬ್ಬದ ಹಿಂಬದಿ.

1999ರ ಅಕ್ಟೋಬರಿನಲ್ಲಿ ಒಡಿಶಾವನ್ನು ಅಪ್ಪಳಿಸಿದ ಮಹಾ ಚಂಡಮಾರುತದ ಬಳಿಕ, ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು, ಕಡಲಿಗೂ ಹಳ್ಳಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಉಳಿದಿದ್ದ ಕಡೆ ಸಾವು ಕಡಿಮೆಯಾಗಿತ್ತೆಂದು ಕಂಡುಕೊಂಡಿತು. ಅದೇ ಅಧ್ಯಯನದ ಪ್ರಕಾರ, ಕಾಡಿಗಿಂತಲೂ ಹೆಚ್ಚು ಜೀವಗಳನ್ನು ಉಳಿಸಿದ್ದು ಮುನ್ನೆಚ್ಚರಿಕೆ ಕೇಳಿ ಜನ ಹೊತ್ತಿಗೆ ಮುಂಚೆ ಮನೆ ಬಿಟ್ಟು ಹೊರಟದ್ದು.