ಹೊಳೆವ ಮಡಕೆಯಲ್ಲಿ ನೀರು ನಿಲ್ಲದು

ಮೆಕ್ಸಿಕೋದ ವಹಾಕಾ ಪ್ರಾಂತ್ಯದಲ್ಲಿ ಸಾನ್ ಬಾರ್ತೊಲೊ ಕೊಯೊತೆಪೆಕ್ ಎಂಬ ಕುಂಬಾರರ ಊರಿದೆ. ಅಲ್ಲಿನ ಮಡಕೆಗಳಲ್ಲಿ ಎರಡು ಬಗೆ. ಒಂದು ಕನ್ನಡಿಯಂತೆ ಮಿರುಗುವ ಕಪ್ಪು, ಇನ್ನೊಂದು ಮಂಕಾದ ಬೂದು. ಮಣ್ಣು ಒಂದೇ. ನೀರು ತುಂಬಿಡಲು ಬೇಕಿದ್ದರೆ ಮಂಕಾದದ್ದನ್ನೇ ಆರಿಸಬೇಕು.

ಈ ಗುಟ್ಟು ಆವಿಗೆಯಲ್ಲಿದೆ. ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಗಾಳಿಯಾಡುವ ಬೆಂಕಿಯಲ್ಲಿ ಅದು ಆಮ್ಲಜನಕ ಹೀರಿ ಕೆಂಪಾಗುತ್ತದೆ. ಆವಿಗೆಯ ಬಾಯಿ ಮುಚ್ಚಿ ಹೊಗೆಯನ್ನು ಕೂಡಿಹಾಕಿದರೆ, ಉಸಿರುಗಟ್ಟಿದ ಉರಿ ಆ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತದೆ, ಮಡಕೆ ಕಪ್ಪಾಗುತ್ತದೆ. ಇನ್ನೂ ಹೆಚ್ಚು ಬೆಂದದ್ದು ಬೂದಾಗಿ ಗಟ್ಟಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ ಠಣ್ ಎನ್ನುತ್ತದೆ. ಹಿಂದೆ ಮೆಸ್ಕಾಲ್ ಮದ್ಯವನ್ನು ಸಾಗಿಸುತ್ತಿದ್ದದ್ದು ಇಂಥ ಹರವಿಗಳಲ್ಲೇ. 1950ರ ದಶಕದಲ್ಲಿ ಆ ಊರಿನ ದೋನ್ಯಾ ರೋಸಾ ಎಂಬ ಕುಂಬಾರಗಿತ್ತಿ ಅರೆ ಒಣಗಿದ ಮಡಕೆಯನ್ನು ಬೆಣಚುಕಲ್ಲಿನಿಂದ ಉಜ್ಜಿ, ಕಾವು ತಗ್ಗಿಸಿ ಸುಟ್ಟರು. ಉಜ್ಜಿದಾಗ ಜೇಡಿಯ ಚಪ್ಪಟೆ ಕಣಗಳು ಒತ್ತೊತ್ತಾಗಿ ಮಲಗಿ ಮೈ ಹೊಳೆಯುತ್ತದೆ. ಕಾವು ಏರಿದರೆ ಆ ಹೊಳಪು ಹೋಗುತ್ತದೆ. ಕಡಿಮೆ ಬೆಂದದ್ದರಿಂದ ನೀರು ಜಿನುಗುತ್ತದೆ. ಚೆಲುವಿಗಾಗಿ ತೆತ್ತ ಬೆಲೆ ಅದು, ಆದರೆ ಆ ಚೆಲುವೇ ಇಂದು ಊರಿಗೆ ಅನ್ನ ಕೊಡುತ್ತಿದೆ.

ಅಲ್ಲಿನ ಒಲೆಯ ಮೇಲೆ ಇಡುವ ಮಣ್ಣಿನ ಹಂಚು ಕೊಮಾಲ್, ಥೇಟ್ ನಮ್ಮ ರೊಟ್ಟಿ ಹಂಚು. ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿ ಅಂಟದಿರಲೆಂದು ಅದಕ್ಕೆ ಸುಣ್ಣದ ತಿಳಿ ಬಳಿಯುತ್ತಾರೆ. ಹಿಟ್ಟಿಗೆ ಬಳಸುವ ಮೆಕ್ಕೆಜೋಳವೂ ಸುಣ್ಣದ ನೀರಿನಲ್ಲೇ ಬೆಂದದ್ದು. ಕೊಮಾಲ್‌ನ ಒರಟು ಮೈಯ ರಂಧ್ರಗಳನ್ನು ದೋಷವೆಂದು ತಿಳಿಯಬಾರದು: ಕಾದು ತಣಿಯುವಾಗ ಹುಟ್ಟುವ ಕೂದಲೆಳೆಯ ಬಿರುಕನ್ನು ಮುಂದೆ ಹರಿಯದಂತೆ ತಡೆಯುವುದು ಅವೇ.

ಗಾಜಿನಂಥ ಹಸಿರು ಲೇಪವಿದ್ದರೆ ಅದು ಹತ್ತಿರದ ಸಾಂತಾ ಮರಿಯಾ ಆತ್ಸೊಂಪಾ ಎಂಬ ಊರಿನದ್ದಿರಬಹುದು. ಈ ಲೇಪದ ಕಲೆ ಸ್ಪೇನಿನವರೊಂದಿಗೆ 16ನೇ ಶತಮಾನದಲ್ಲಿ ಬಂದದ್ದು. ಹಸಿರು ತಾಮ್ರದ್ದು, ಹೊಳಪು ಸೀಸದ್ದು. ಬೆಣಚುಮರಳು ತಾನಾಗಿ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸ ಬೆರೆತರೆ ಕಟ್ಟಿಗೆಯ ಆವಿಗೆಯ ಕಾವಿನಲ್ಲೇ ಕರಗಿ ಗಾಜಾಗುತ್ತದೆ. ಬಡ ಕುಂಬಾರನಿಗೆ ಅದು ವರವಾಗಿತ್ತು. ಆದರೆ ಟೊಮ್ಯಾಟೊ, ನಿಂಬೆಯ ಹುಳಿ ಆ ಸೀಸವನ್ನು ಸೆಳೆದು ಅಡುಗೆಗಿಳಿಸುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಈಗ ಸೀಸವಿಲ್ಲದ, ಬೋರಾನ್ ಬೆರೆತ ಲೇಪಗಳನ್ನು ಬಳಸುವ ಕುಂಬಾರರಿದ್ದಾರೆ. ಎರಡೂ ಒಂದೇ ರೀತಿ ಹೊಳೆಯುತ್ತವೆ, ಬಣ್ಣದಿಂದಾಗಲಿ ಸದ್ದಿನಿಂದಾಗಲಿ ತಿಳಿಯದು. ಯಾವ ಲೇಪವೆಂದು ಮಾಡಿದವರನ್ನೇ ಕೇಳಬೇಕು. ಖಚಿತವಾಗದಿದ್ದರೆ ಅದರಲ್ಲಿ ಹೂ ಇಡಿ, ಅಡುಗೆ ಮಾಡಬೇಡಿ.