ಎಡಕ್ಕೆ ಸರಿದ ಗಾಯಕಿ

ಆಟಿಯ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಸಂಜೆ ಉಡುಪಿಯಿಂದ ಭಾವ ಫೋನ್ ಮಾಡಿದರು. "ಗಾಯಕಿ ಎಡಕ್ಕೆ ಸರಿದು ಕುಳಿತಿದ್ದಾರೆ ಮಾರಾಯ, ಏನು ಮಾಡಿದರೂ ನಡುವೆ ಬರುವುದಿಲ್ಲ."

ಭಾವ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಕೈಗೆ ಬಂದ ಗ್ರಾಚ್ಯುಟಿಯಲ್ಲಿ ಒಂದು ಪಾಲನ್ನು ಟರ್ನ್‌ಟೇಬಲ್‌ಗೆ, ಅಂದರೆ ಹಾಡಿನ ತಟ್ಟೆ ತಿರುಗಿಸುವ ಯಂತ್ರಕ್ಕೆ, ಸುರಿದಿದ್ದರು. ಅದರ ತೋಳಿನ ತುದಿಯಲ್ಲಿರುವ, ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ, ಅರ್ಧ ಬೆಂಕಿಪೊಟ್ಟಣದಷ್ಟು ಗಾತ್ರದ ಕಾರ್ಟ್ರಿಜ್ ಒಂದಕ್ಕೇ ಸ್ಕೂಟರಿನ ಬೆಲೆ. ಅದೇ ಕೆಟ್ಟಿರಬೇಕೆಂಬ ಅನುಮಾನವನ್ನು ಅಕ್ಕನ ಮುಂದೆ ಹೇಳಲಾಗದೆ ನನಗೆ ಹೇಳಿದ್ದರು. ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಬಸ್ಸು ಹತ್ತಿದೆ.

ನಿಜ ಹೇಳಬೇಕೆಂದರೆ ನಡುವೆ ಯಾವ ಗಾಯಕಿಯೂ ಇರುವುದಿಲ್ಲ. ಅಲ್ಲಿರುವುದು ಬರೀ ಗೋಡೆ. ಎಡ, ಬಲ ಸ್ಪೀಕರುಗಳಿಂದ ಒಂದೇ ದನಿ ಒಂದೇ ಗಟ್ಟಿಯಾಗಿ ಬಂದಾಗ ಅದು ಎರಡರ ನಡುವಿನಿಂದ ಬರುತ್ತಿದೆ ಎಂದು ಮಿದುಳು ತೀರ್ಮಾನಿಸಿಬಿಡುತ್ತದೆ. ಒಂದು ಕಡೆ ಹೆಚ್ಚಾದರೆ ದನಿ ಅತ್ತ ವಾಲುತ್ತದೆ. ಈ ಭ್ರಮೆಯನ್ನು ವಿದ್ಯೆಯಾಗಿ ಪಳಗಿಸಿದವರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಮುಖ್ಯರು. ಸಿನಿಮಾದಲ್ಲಿ ನಟ ಪರದೆಯ ಒಂದು ಬದಿಯಲ್ಲಿದ್ದು ದನಿ ಇನ್ನೊಂದು ಬದಿಯಿಂದ ಬಂದದ್ದು ಅವರಿಗೆ ಕಿರಿಕಿರಿ ಮಾಡಿತೆಂಬ ಕಥೆಯಿದೆ. 1931ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದರು. ತಟ್ಟೆಯ ಒಂದೇ ಗೀರಿನಲ್ಲಿ ಎರಡು ದನಿಗಳನ್ನು ಕೊರೆಯುವ ಉಪಾಯವೂ ಅದರಲ್ಲಿತ್ತು.

ಆ ಗೀರು ನಮ್ಮ ಗದ್ದೆ ಬದಿಯ ತೋಡಿನ ಹಾಗೆ. ಎರಡು ಇಳಿಜಾರು ದಡಗಳು 90 ಡಿಗ್ರಿ ಕೋನದಲ್ಲಿ ತಳದಲ್ಲಿ ಕೂಡುತ್ತವೆ. ತಟ್ಟೆಯ ಕೇಂದ್ರದ ಕಡೆಗಿರುವ ದಡದಲ್ಲಿ ಎಡ ಸ್ಪೀಕರಿನ ದನಿ, ಅಂಚಿನ ಕಡೆಗಿರುವ ದಡದಲ್ಲಿ ಬಲ ಸ್ಪೀಕರಿನ ದನಿ. ಎರಡನ್ನೂ ಒಂದೇ ಸೂಜಿ ಸವರಿಕೊಂಡು ಹೋಗುತ್ತದೆ. ಒಂದೇ ದನಿ ಕೊರೆದ ಹಳೆಯ ಮೋನೋ ತಟ್ಟೆಯಲ್ಲಿ ಸೂಜಿ ಬರೀ ಅಡ್ಡಡ್ಡ ಓಲಾಡುವುದರಿಂದ ಎರಡೂ ಕಡೆಗೆ ಸಮಪಾಲು ಸಿಗುತ್ತದೆ. ಹಾಗಾಗಿ ತಪಾಸಣೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಭಾವನ ತಂದೆಯ ಕಾಲದ ಚಿತ್ರಗೀತೆಗಳ ಮೋನೋ ತಟ್ಟೆಯೊಂದನ್ನು ಹಾಕಿದೆವು. ದನಿ ಸ್ಪಷ್ಟವಾಗಿ ಎಡಕ್ಕಿತ್ತು.

ನಾನು ಹೋಗುವ ಮೊದಲೇ ಭಾವ ತೋಳಿನ ಬುಡದ ಆಂಟಿಸ್ಕೇಟಿಂಗ್ ತಿರುಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದರು. ಎಲ್ಲರೂ ಮಾಡುವ ತಪ್ಪೇ ಇದು. ತಟ್ಟೆಯ ಘರ್ಷಣೆ ತೋಳನ್ನು ಕೇಂದ್ರದ ಕಡೆಗೆ ಎಳೆಯುತ್ತದೆ, ಆ ಎಳೆತವನ್ನು ಸರಿದೂಗಿಸಲು ಈ ತಿರುಪು. ಇದು ತಪ್ಪಿದರೆ ದನಿ ಕ್ಷೀಣಿಸುವುದಕ್ಕಿಂತ ಹೆಚ್ಚಾಗಿ ಒಡೆಯುತ್ತದೆ, ಅದೂ ಜೋರಿನ ಭಾಗಗಳಲ್ಲಿ. ಸೂಜಿ ತುಸು ಓರೆಯಾಗಿದ್ದರೂ ಅಷ್ಟೇ, ಒಂದು ಕಡೆಯ ದನಿ ಇನ್ನೊಂದರೊಳಗೆ ಸೋರುವುದು ಹೆಚ್ಚಾಗುತ್ತದೆ. ಸಮತೋಲದ ದೂರಿಗೆ ಇವು ಮೊದಲ ಆರೋಪಿಗಳಲ್ಲ. ತಿರುಪನ್ನು ಮೊದಲಿದ್ದ ಗುರುತಿಗೆ ತಂದು ನಿಲ್ಲಿಸಿದೆ.

"ಬ್ಯಾಂಕಿನಲ್ಲಿ ಲೆಕ್ಕ ಟ್ಯಾಲಿ ಆಗದ ದಿನ ನೀವು ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

"ಲೆಡ್ಜರನ್ನು ಅರ್ಧ ಮಾಡಿ ಯಾವ ಅರ್ಧದಲ್ಲಿ ವ್ಯತ್ಯಾಸ ಇದೆ ಎಂದು ನೋಡುತ್ತಿದ್ದೆವು. ಆಮೇಲೆ ಆ ಅರ್ಧದ ಅರ್ಧ. ಕಾರಣ ಸಿಗದೇ ಹೋದದ್ದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಡುತ್ತಿದ್ದೆವು."

ಇಲ್ಲಿಯೂ ಅದೇ. ಮೊಬೈಲನ್ನು ಅದೇ ಆಂಪ್ಲಿಫೈಯರಿಗೆ ಜೋಡಿಸಿ, ವಾಲ್ಯೂಮನ್ನು ಅಷ್ಟೇ ಇಟ್ಟು, ವಾರ್ತೆ ಕೇಳಿದೆವು. ಓದುವವರು ನೆಟ್ಟಗೆ ನಡುವೆ ಕುಳಿತಿದ್ದರು. ಆಂಪ್ಲಿಫೈಯರ್, ಸ್ಪೀಕರ್, ಒಂದು ಬದಿಗೆ ಕಿಟಕಿ ಇನ್ನೊಂದು ಬದಿಗೆ ಕಪಾಟು ಇರುವ ಆ ಕೋಣೆ, ಎಲ್ಲ ನಿರ್ದೋಷಿ. ಉಳಿದದ್ದು ಸೂಜಿಯಿಂದ ಫೋನೋ ಪ್ರೀಆಂಪ್‌ವರೆಗಿನ ದಾರಿ. ಕಾರ್ಟ್ರಿಜ್ಜಿನ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರಿಗೆ ಕೊಡುವ ಮೊದಲು ಹಿಗ್ಗಿಸುವ ಪೆಟ್ಟಿಗೆ ಅದು. ಎಲ್ಲವನ್ನೂ ಆಫ್ ಮಾಡಿ, ತೋಳಿನಿಂದ ಬರುವ ಕೇಬಲಿನ ಎರಡು ಪ್ಲಗ್ಗುಗಳನ್ನು ಪ್ರೀಆಂಪ್‌ನಲ್ಲಿ ಅದಲುಬದಲು ಮಾಡಿದೆವು. ಗಾಯಕಿ ಎಡದಲ್ಲೇ ಉಳಿದಿದ್ದರೆ ತಪ್ಪು ಪ್ರೀಆಂಪ್‌ನದು. ಅವರು ಬಲಕ್ಕೆ ಹೋದರು. ತಪ್ಪು ಪ್ಲಗ್ಗಿನಿಂದ ಹಿಂದಕ್ಕೆ, ತೋಳಿನ ಕಡೆಗಿತ್ತು. ಭಾವನ ಮುಖ ಸಣ್ಣದಾಯಿತು.

ಕಾರ್ಟ್ರಿಜ್ಜಿನ ಬೆನ್ನಿಗೆ ನಾಲ್ಕು ಕೂದಲೆಳೆಯ ತಂತಿಗಳು ಬಂದು ಸೇರುತ್ತವೆ. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಪ್ರತಿಯೊಂದರ ತುದಿಯಲ್ಲೂ ಅಕ್ಕಿಕಾಳಿಗಿಂತ ಚಿಕ್ಕ ಕ್ಲಿಪ್. ಭೂತಗನ್ನಡಿ ಹಿಡಿದು ನೋಡಿದರೆ ಕೆಂಪು ತಂತಿಯ ಕ್ಲಿಪ್ ಮಂಕಾಗಿತ್ತು, ಅಂಚಿನಲ್ಲಿ ಹಸಿರು ಛಾಯೆ. ಮನೆ ಇರುವುದು ಮಲ್ಪೆಗೆ ಹೋಗುವ ದಾರಿಯಲ್ಲಿ. ಕಿಟಕಿಯ ಸರಳುಗಳಿಗೆ ವರ್ಷವರ್ಷ ಬಣ್ಣ ಬಳಿದರೂ ತುಕ್ಕು ಬಿಡದ ಊರಿನಲ್ಲಿ ಉಪ್ಪುಗಾಳಿ ಈ ಕ್ಲಿಪ್ಪನ್ನು ಮಾತ್ರ ಬಿಟ್ಟೀತೇ?

ಇಷ್ಟು ಸಣ್ಣ ಕೊಳೆ ಇಷ್ಟು ದೊಡ್ಡ ವ್ಯವಸ್ಥೆಯನ್ನು ಹೇಗೆ ವಾಲಿಸುತ್ತದೆ? ಇಲ್ಲಿ ದುಬಾರಿ ಸಾಮಾನಿನ ದೌರ್ಬಲ್ಯ ಅಡಗಿದೆ. ಸಾಧಾರಣ ಕಾರ್ಟ್ರಿಜ್ಜಿನಲ್ಲಿ ಅಯಸ್ಕಾಂತ ಅಲುಗುತ್ತದೆ, ನಾಲ್ಕೈದು ಮಿಲಿವೋಲ್ಟ್ ಹುಟ್ಟುತ್ತದೆ, ಅದನ್ನು 47,000 ಓಮ್ ತಡೆಯ ಪ್ರೀಆಂಪ್‌ಗೆ ಕೊಡುತ್ತಾರೆ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ದಾರಿಯಲ್ಲಿ 20 ಓಮ್ ತಡೆ ಸೇರಿದರೂ ಅಷ್ಟರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಭಾವನದು ಮೂವಿಂಗ್ ಕಾಯಿಲ್ ಬಗೆಯದು. ಇದರಲ್ಲಿ ಅಲುಗುವುದು ಸುರುಳಿ. ಅದು ಹಗುರಾಗಿರಬೇಕೆಂದು ಕೆಲವೇ ಸುತ್ತು ತಂತಿ ಸುತ್ತಿರುತ್ತಾರೆ, ಹುಟ್ಟುವುದು ಅರ್ಧ ಮಿಲಿವೋಲ್ಟಿಗಿಂತಲೂ ಕಡಿಮೆ. ಸುರುಳಿಯ ತಡೆ 10 ಓಮ್, ಪ್ರೀಆಂಪ್‌ನದು 100 ಓಮ್ ಎಂದಿಟ್ಟುಕೊಳ್ಳಿ. ಶುದ್ಧ ಸಂಪರ್ಕದಲ್ಲಿ ಶೇಕಡಾ 91ರಷ್ಟು ವೋಲ್ಟೇಜ್ ಪ್ರೀಆಂಪ್ ತಲುಪುತ್ತದೆ. ಕ್ಲಿಪ್ಪಿನ ಕೊಳೆ 20 ಓಮ್ ಸೇರಿಸಿದರೆ ತಲುಪುವುದು 77. ವ್ಯತ್ಯಾಸ ಸುಮಾರು ಒಂದೂವರೆ ಡೆಸಿಬೆಲ್. ಕಣ್ಣು ಮುಚ್ಚಿ ಕೇಳುವವನಿಗೆ ದನಿ ಸರಿದದ್ದು ತಿಳಿಯಲು ಅಷ್ಟು ಸಾಕು. ಸಾಲದ್ದಕ್ಕೆ, ದೊಡ್ಡ ವೋಲ್ಟೇಜಾದರೆ ತುಕ್ಕಿನ ತೆಳುಪೊರೆಯನ್ನು ತೂತು ಮಾಡಿಕೊಂಡು ಹೋಗುತ್ತದೆ, ಈ ಬಡಪಾಯಿಗೆ ಆ ಕಸುವೂ ಇಲ್ಲ.

ಮಲ್ಟಿಮೀಟರ್ ಇಟ್ಟು ಅಳೆಯೋಣವೆಂದು ಭಾವ ಹೇಳಿದರು. ಬೇಡವೆಂದೆ. ಓಮ್ ಅಳೆಯುವಾಗ ಮೀಟರು ತಾನೇ ವಿದ್ಯುತ್ ಹರಿಸುತ್ತದೆ, ಇಂಥ ನವಿರು ಸುರುಳಿಗೆ ಅದು ಒಳ್ಳೆಯದಲ್ಲ. ಅದರ ಬದಲು ಕೊನೆಯ ಅದಲುಬದಲಿಗೆ ಇಳಿದೆವು. ಪ್ಲಗ್ಗುಗಳನ್ನು ಮೊದಲಿನಂತೆ ಹಾಕಿ, ಸೂಜಿಗೆ ಮುಚ್ಚಳ ತೊಡಿಸಿ, ಚಿಮುಟದಿಂದ ನಾಲ್ಕೂ ಕ್ಲಿಪ್ಪುಗಳನ್ನು ಕಳಚಿ, ಎಡದವನ್ನು ಬಲದ ಪಿನ್ನಿಗೂ ಬಲದವನ್ನು ಎಡದ ಪಿನ್ನಿಗೂ ಸಿಕ್ಕಿಸಿದೆ. ಈಗ ಗಾಯಕಿ ಬಲಕ್ಕೆ ಹಾರಿದರೆ ದೋಷ ಕಾರ್ಟ್ರಿಜ್ಜಿನದು, ಎಡದಲ್ಲೇ ಉಳಿದರೆ ತಂತಿಯದು.

ಅವರು ನಡುವೆ ಬಂದು ನಿಂತರು.

ಭಾವನಿಗೆ ಸಂತೋಷಕ್ಕಿಂತ ಗೊಂದಲವೇ ಹೆಚ್ಚಾಯಿತು. ಆದದ್ದಿಷ್ಟು: ಬಿಗಿಯಾದ ಕ್ಲಿಪ್ಪನ್ನು ಎಳೆದು ಮತ್ತೆ ತೂರಿಸುವಾಗ ಲೋಹಕ್ಕೆ ಲೋಹ ಉಜ್ಜಿ ಪೊರೆ ಕೆರೆದುಹೋಗಿತ್ತು. ಪರೀಕ್ಷೆಯೇ ಮದ್ದಾಗಿ, ಸಾಕ್ಷ್ಯವನ್ನೂ ಅಳಿಸಿಹಾಕಿತ್ತು. ಮಂಕಾಗಿ ಕಂಡದ್ದು ಕೆಂಪು ಕ್ಲಿಪ್ ನಿಜ, ಆದರೆ ತಡೆ ಕ್ಲಿಪ್ಪಿನಲ್ಲಿತ್ತೋ ಕಾರ್ಟ್ರಿಜ್ಜಿನ ಪಿನ್ನಿನ ಮೇಲಿತ್ತೋ ಇನ್ನು ಯಾರೂ ಹೇಳುವಂತಿಲ್ಲ. ಪಿನ್ನುಗಳನ್ನೂ ಕ್ಲಿಪ್ಪುಗಳನ್ನೂ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಬಣ್ಣ ನೋಡಿ ಸ್ವಸ್ಥಾನಕ್ಕೆ ಜೋಡಿಸಿದೆ. ಗಾಯಕಿ ಅಲುಗಲಿಲ್ಲ.

ಅಕ್ಕ ಚಹಾ ತಂದಾಗ ಭಾವ ಡೈರಿ ತೆರೆದು ಏನೋ ಬರೆಯುತ್ತಿದ್ದರು. ಇಣುಕಿ ನೋಡಿದೆ. ತಾರೀಖಿನ ಮುಂದೆ "ವ್ಯತ್ಯಾಸ 1.5 ಡೆಸಿಬೆಲ್, ಸರಿಯಾಗಿದೆ" ಎಂದು ಬರೆದು, ಕಾರಣದ ಕಾಲಮ್ಮಿನಲ್ಲಿ "ಸಸ್ಪೆನ್ಸ್ ಅಕೌಂಟ್" ಎಂದು ನಮೂದಿಸಿದ್ದರು.